ಮಠದ ಹೊಸಿಲು ಕೀಳುವ ಮುಂಚೆ

ಬೂದಿಗೆರೆ
೫-೧೧-೨೦೨೫, ಬುಧವಾರ

ಮುದ್ದಿನ ತಂಗಿ ಬಿಂದುಗೆ,

ಅಕ್ಕನ ಆಶೀರ್ವಾದ. ಕ್ಷೇಮಸಮಾಚಾರವನ್ನೆಲ್ಲ ನಿನ್ನೆ ಫೋನಿನಲ್ಲೇ ಕೇಳಿಕೊಂಡಾಗಿದೆ, ಅದನ್ನು ಮತ್ತೆ ಬರೆಯುವುದಿಲ್ಲ. ಹಾಗಾದರೆ ಕಾಗದ ಯಾಕೆ ಅಂತ ಹುಬ್ಬೇರಿಸುತ್ತೀಯ. ಈ ವಾರ ಮೂರು ಸಲ ಫೋನು ಮಾಡಿದೆನಲ್ಲ, ಮೂರು ಸಲವೂ ಹೇಳಬೇಕಾದ್ದನ್ನು ನುಂಗಿಕೊಂಡು, ಸಾರಿಗೆ ಏನು ಹಾಕಿದ್ದೀಯ ಅಂತ ಕೇಳಿ ಇಟ್ಟುಬಿಟ್ಟೆ. ನಿನ್ನ ದನಿ ಕೇಳಿದರೆ ನನ್ನ ಬಾಯಿ ಕಟ್ಟಿಹೋಗುತ್ತದೆ. ಅದಕ್ಕೇ ಪೆನ್ನು ಹಿಡಿದೆ.

ನಮ್ಮೂರ ಮಠ ಹೋಟೆಲ್ ಆಗುತ್ತಿರುವುದು ನಿನಗೆ ಗೊತ್ತೇ ಇದೆ. ಇಡ್ಲಿ ಕಾಫಿಯ ಹೋಟೆಲಲ್ಲ, ಏರ್‌ಪೋರ್ಟಿನಿಂದ ಕಾರಿನಲ್ಲಿ ಬಂದು ತಂಗುವ ಶ್ರೀಮಂತರ ಹೋಟೆಲು. ಹೂದೋಟ ಇದ್ದ ಕಡೆ ಈಜುಕೊಳ ಅಗೆದಿದ್ದಾರೆ. ದಾಸೋಹದ ಅಡುಗೆಮನೆಯಲ್ಲಿ ಇನ್ನು ಮೇಲೆ ಎಣ್ಣೆ ಹಚ್ಚಿ ಮೈ ತಿಕ್ಕುತ್ತಾರಂತೆ. ನೀನು ನಗಬೇಡ, ಇಬ್ಬರ ಪಾಲಿನದನ್ನೂ ನಾನೇ ನಕ್ಕಾಗಿದೆ. ಊರಿನವರು ಬೈಯುತ್ತಾರೆ, ನನಗೆ ಬೈಯಲು ಮನಸ್ಸು ಬರುವುದಿಲ್ಲ. ಕೊನೆಯ ಸ್ವಾಮಿಗಳು ಹೋದ ಮೇಲೆ ಹನ್ನೊಂದು ವರ್ಷ ಅಲ್ಲಿ ಬಾವಲಿಗಳೇ ಪೂಜೆ ಮಾಡಿಕೊಂಡಿದ್ದವು. ದೇವರನ್ನು ರಸ್ತೆ ಬದಿಯ ಹೊಸ ಗುಡಿಗೆ ಶಾಸ್ತ್ರೋಕ್ತವಾಗಿಯೇ ಸಾಗಿಸಿದರು. ಕೆಲಸ ನೋಡಿಕೊಳ್ಳುವ ಎಂಜಿನಿಯರ್ ಹುಡುಗಿ ಚಂದನ ಒಂದೊಂದು ಕಂಬವನ್ನೂ ಹಸುಗೂಸಿನ ಹಾಗೆ ತೊಳೆಸುತ್ತಾಳೆ. ನಿನ್ನ ಭಾವ ಮಠದ ಕಮಿಟಿಯಲ್ಲಿದ್ದಾರಲ್ಲ, ಹಾಗಾಗಿ ನಾನೂ ಆಗಾಗ ಹೋಗಿ ನೋಡಿಬರುತ್ತೇನೆ.

ವಿಷಯ ಇದು. ಮಠದ ಹೆಬ್ಬಾಗಿಲಿನ ಹೊಸಿಲುಗಲ್ಲನ್ನು ಮುಂದಿನ ಶುಕ್ರವಾರ, ಹದಿನಾಲ್ಕನೇ ತಾರೀಖು, ಕಿತ್ತು ನೆಲ ಸಮ ಮಾಡುತ್ತಾರೆ. ಗುರುವಾರದೊಳಗೆ ನೀನು ಬರಬೇಕು. ರಜೆ ಇಲ್ಲ ಅನ್ನಬೇಡ.

ಆ ಹೊಸಿಲ ಮೇಲೆ ಕೈಯಿಟ್ಟು ಆಣೆ ಮಾಡುವ ಪದ್ಧತಿ ನಿನಗೆ ಮರೆತಿರಲಾರದು. ಇಬ್ಬರ ನಡುವೆ ಮಾತು ಬಂದಾಗ ಯಾರು ಮೊದಲು ಕೈಯಿಡುತ್ತಾರೋ ಅವರ ಮಾತೇ ಸತ್ಯ, ಇನ್ನೊಬ್ಬರು ಎದುರಾಣೆ ಇಡುವಂತಿಲ್ಲ. ಸುಳ್ಳಾಣೆ ಇಟ್ಟವರು ಅದನ್ನು ಬಿಡಿಸಿಕೊಳ್ಳಬೇಕಾದರೆ ಅದೇ ಕಲ್ಲಿನ ಮೇಲೆ ಕೈಯಿಟ್ಟು, ಅನ್ಯಾಯಕ್ಕೊಳಗಾದವರ ಎದುರಿಗೇ ನಿಜ ಹೇಳಬೇಕು. ಹೊಸ ಗುಡಿಯಲ್ಲಿ ಹೇಳಿದರೆ ಆಗುವುದಿಲ್ಲವಾ ಅಂತ ಪೂಜಾರಿ ಬೈರಣ್ಣನನ್ನು ಕೇಳಿದೆ. "ದೇವ್ರನ್ನ ಟ್ರ್ಯಾಕ್ಟ್ರಲ್ಲಿ ತಂದ್ವಿ ಕಣಮ್ಮ. ಇಟ್ಟಿರೋ ಆಣೆ ಯಾವ ಟ್ರ್ಯಾಕ್ಟ್ರು ಹತ್ತುತ್ತೆ?" ಅಂದ. ಬೇರೆ ಯಾರದೋ ವಿಷಯ ಎಂಬಂತೆ ಕೇಳಿದ್ದೆ, ಅವನಿಗೆ ನನ್ನ ಮುಖ ನೋಡಿಯೇ ಗೊತ್ತಾಗಿರಬೇಕು.

ನಿನಗೆ ಹೊಸಕೋಟೆಯ ಮೇಷ್ಟ್ರ ಸಂಬಂಧ ಬಂದಿತ್ತಲ್ಲ, ಇಪ್ಪತ್ತೆರಡು ವರ್ಷವಾಯಿತು. ವೀಳ್ಯಶಾಸ್ತ್ರಕ್ಕೆ ದಿನವೂ ಗೊತ್ತಾಗಿತ್ತು. ಆಮೇಲೆ, ಹುಡುಗಿಗೆ ಫಿಟ್ಸ್ ಬರುತ್ತದಂತೆ, ಬೇಡ ಅಂತ ಅವರು ಹೇಳಿ ಕಳುಹಿಸಿದರು. ಚಿಕ್ಕಂದಿನಲ್ಲಿ ಜ್ವರ ನೆತ್ತಿಗೇರಿ ಎರಡು ಸಲ ಬಂದದ್ದು ಅದು. ಮನೆಯವರನ್ನು ಬಿಟ್ಟರೆ ನಿನ್ನ ಜೀವದ ಗೆಳತಿ ಮಮತಳಿಗೆ ಮಾತ್ರ ಗೊತ್ತಿತ್ತು. ಹೆಣ್ಣು ನೋಡಲು ಬಂದ ದಿನ ಗಂಡಿನ ತಾಯಿಯ ಜೊತೆ ಅಡುಗೆಮನೆಯಲ್ಲಿ ಇದ್ದವರು ನಾನು ಮತ್ತು ಅವಳು. ಅಪ್ಪ ಇಬ್ಬರನ್ನೂ ಮಠದ ಹೊಸಿಲಿಗೆ ಕರೆದುಕೊಂಡು ಹೋದರು. ಮಮತ ದಾವಣಿಗೆ ಕೈ ಒರೆಸಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ನಾನು ಬಗ್ಗಿ ಕೈಯಿಟ್ಟು, ನಾನು ಹೇಳಿಲ್ಲ ಅಂದುಬಿಟ್ಟೆ.

ಹೇಳಿದವಳು ನಾನು, ಬಿಂದು.

ಬಾಯಿತಪ್ಪಿ ಬಂತು ಅಂತ ಮೊದಲು ಬರೆದೆ, ಆ ಹಾಳೆ ಹರಿದುಹಾಕಿದೆ. ಬಾಯಿ ತಪ್ಪಿರಲಿಲ್ಲ. ಆ ತಾಯಿ ಕೇಳಿಯೂ ಇರಲಿಲ್ಲ. ಅವರು ಬರುವುದಕ್ಕೆ ಎರಡು ದಿನ ಮೊದಲು ಅಪ್ಪ ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಫೋಟೊ ನೋಡು ಮಗ, ನಿಂಗೆ ಒಪ್ಗೆ ಆದ್ರೆ ಮಾತ್ರ ಬರಕ್ಕೆ ಹೇಳ್ತೀನಿ" ಅಂದರು. ನಾನು ಒಳಗೆ ರೊಟ್ಟಿ ತಟ್ಟುತ್ತ ಕೇಳಿಸಿಕೊಂಡೆ. ಪಿಯುಸಿ ಬಿಡಿಸಿ ಅತ್ತೆ ಮಗನಿಗೆ ಕೊಡುವಾಗ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ನಿನ್ನ ಭಾವ ಒಳ್ಳೆಯವರೇ, ಆ ಮಾತು ಬೇರೆ. ಅವತ್ತು ನನಗೆ ಹೊಟ್ಟೆ ಉರಿಯಿತು.

ಈಗ ದಾಬಸ್‌ಪೇಟೆಯಲ್ಲಿ ಚೆನ್ನಾಗಿಯೇ ಇದ್ದೀಯ. ಕೆಂಪರಾಜನಂಥ ಗಂಡ ಸಿಕ್ಕಿದ, ಮೇಷ್ಟ್ರ ಮುಖವೂ ನಿನಗೆ ಮರೆತಿರಬಹುದು. ಆದರೆ ಮಮತಳನ್ನು ಬಿಟ್ಟ ಮೇಲೆ ನೀನು ಇನ್ನೊಬ್ಬ ಗೆಳತಿಯನ್ನು ಮಾಡಿಕೊಳ್ಳಲಿಲ್ಲ, ಅದನ್ನು ನಾನು ನೋಡುತ್ತಲೇ ಬಂದೆ. ಹೇಳಿದ್ದಕ್ಕಿಂತ ಅವಳ ತಲೆಗೆ ಕಟ್ಟಿದ್ದೇ ನನ್ನನ್ನು ಹೆಚ್ಚು ತಿಂದಿದೆ. ನಿನ್ನ ಮದುವೆಯ ದಿನ ಅವಳು ಹಿಂದಿನ ಬೀದಿಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಳು. ಓಲಗದ ಸದ್ದು ಅಲ್ಲಿಗೂ ಕೇಳಿಸಿರುತ್ತದೆ.

ಅವಳು ಇದೇ ಊರಿನ ಅಂಗನವಾಡಿಯಲ್ಲಿ ಟೀಚರ್. ಮೊನ್ನೆ ಹೋಗಿ, ಮುಂದಿನ ಗುರುವಾರ ಮಠದ ಹತ್ತಿರ ಬಾ ಅಂದೆ. ಯಾಕೆ ಅಂತ ಕೇಳಲಿಲ್ಲ. "ಬಿಂದು ಬರ್ತಾಳಾ ಅಕ್ಕ?" ಅಂದಳು, ಅಷ್ಟೇ.

ಬಾ. ನನ್ನ ಮುಖಕ್ಕೆ ಉಗಿಯಬೇಕು ಅನ್ನಿಸಿದರೆ ಬಂದು ಉಗಿ. ನಮ್ಮ ಮನೆಯಲ್ಲಿ ಉಣ್ಣಲು ಮನಸ್ಸಾಗದಿದ್ದರೆ ಮಮತಳ ಮನೆಯಲ್ಲಿ ಉಣ್ಣು, ನನಗೆ ಬೇಸರವಿಲ್ಲ.

ಇಂತಿ,
ಅಕ್ಕ ಅನ್ನಿಸಿಕೊಳ್ಳಲು ಇನ್ನೂ ಆಸೆಪಡುವ
ಪದ್ಮ

ತಾ.ಕ.: ಕವರು ಅಂಟಿಸುವ ಮುಂಚೆ ಇನ್ನೊಂದು ಮಾತು. ಆ ಕಲ್ಲು ತೆಗೆಯುವ ಯೋಚನೆ ಹೋಟೆಲಿನವರದಲ್ಲ. ಚಂದನ ಅದನ್ನು ಉಳಿಸಬೇಕು ಅಂತಲೇ ಇದ್ದಳು. ವಯಸ್ಸಾದವರು ಎಡವಿ ಬೀಳುತ್ತಾರೆ, ತೆಗೆಸಮ್ಮ ಅಂತ ಅವಳ ಬೆನ್ನು ಬಿದ್ದವಳು ನಾನು. ಮಠವನ್ನು ಕೊಟ್ಟುಬಿಡಿ ಅಂತ ನಿನ್ನ ಭಾವನ ಕೈಲಿ ರುಜು ಹಾಕಿಸಿದ್ದೂ ನಾನೇ. ಕಲ್ಲು ಹೋದರೆ ಹೇಳದೆಯೇ ಬದುಕಿಬಿಡಬಹುದು ಅಂದುಕೊಂಡಿದ್ದೆ. ಕಳೆದ ವಾರ ಅವಳು ಸುಣ್ಣದಲ್ಲಿ ಗುರುತು ಹಾಕಿಸಿ, "ಈಗ ಸಮಾಧಾನನಾ ಆಂಟಿ?" ಅಂದಳು. ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಈಗಲೂ ನಿಲ್ಲಿಸು ಅಂದರೆ ಅವಳು ನಿಲ್ಲಿಸುತ್ತಾಳೆ. ನಾನು ಅನ್ನುವುದಿಲ್ಲ, ಬಿಂದು. ಕಲ್ಲು ಉಳಿದರೆ ನಾನು ಇನ್ನೂ ಇಪ್ಪತ್ತೆರಡು ವರ್ಷ ಮುಂದಕ್ಕೆ ಹಾಕುತ್ತೇನೆ.