ಅಪಾಯಗಳ ಮೂವತ್ತೊಂದು ಪುಟ

ಶುಕ್ರವಾರ, ಹದಿನಾಲ್ಕನೇ ತಾರೀಖು
ಮಧ್ಯಾಹ್ನ, ಆಫೀಸಿನ ಮೂರನೇ ಮಹಡಿಯಿಂದ

ಅಕ್ಕಾ,

ನಿಂತುಕೊಂಡು ಓದಬೇಡ, ಹೊಲಿಗೆ ಮೆಷಿನ್ ಮುಂದಿನ ಸ್ಟೂಲಿನ ಮೇಲೆ ಕೂತುಕೋ. ಅಂಗಡಿಯಲ್ಲಿ ಗಿರಾಕಿ ಇದ್ದರೆ ಕಳಿಸಿ ಆಮೇಲೆ ಓದು. ಬೆಳಗಿನಿಂದ ನೀನು ಏಳು ಸಲ ಫೋನ್ ಮಾಡಿದ್ದೀಯ. ಏಳೂ ಸಲ ಅದು ಮೇಜಿನ ಮೇಲೆ ಗುರುಗುಟ್ಟುವುದನ್ನು ನೋಡುತ್ತಾ ಕೂತಿದ್ದೆ. ಎತ್ತಿದ್ದರೆ ನಾನು ಅತ್ತುಬಿಡುತ್ತಿದ್ದೆ. ನಾನು ಅತ್ತರೆ ನೀನು ನಿನ್ನ ಸಂಕಟ ಪಕ್ಕಕ್ಕಿಟ್ಟು ನನ್ನನ್ನೇ ಸಮಾಧಾನ ಮಾಡಲು ಶುರು ಮಾಡುತ್ತೀಯ. ಇವತ್ತು ಅದು ನನಗೆ ದಕ್ಕಬಾರದು. ಅದಕ್ಕೇ ಕಾಗದ.

ಷೇರಿನ ಬೆಲೆ ನೀನು ನೋಡಿದ್ದೀಯ. ಬೆಳಗ್ಗೆ ಒಂಬತ್ತಕ್ಕೆ ನಮ್ಮ ಕಂಪನಿಯ ವಾರ್ಷಿಕ ವರದಿ ಹೊರಬಿತ್ತು. ಹನ್ನೆರಡರ ಹೊತ್ತಿಗೆ ನೂರು ಇದ್ದದ್ದು ಇಪ್ಪತ್ತೆಂಟಕ್ಕೆ ಬಂದಿತ್ತು. ಇದು ಇವತ್ತು ಬಿದ್ದು ನಾಳೆ ಏಳುವ ಬೆಲೆಯಲ್ಲ, ಯಾರಾದರೂ ಹಾಗೆ ಹೇಳಿ ಮೂಗಿಗೆ ತುಪ್ಪ ಸವರಿದರೆ ನಂಬಬೇಡ. ಅಂಗಡಿ ಕೋಣೆ ಕೊಳ್ಳಲು ನೀನು ಇಟ್ಟಿದ್ದ ಹಣ ಹೋಯಿತು ಅಕ್ಕಾ. ಸುತ್ತಿ ಬಳಸಿ ಹೇಳುವುದು ನನ್ನ ಕಸುಬು, ಇವತ್ತು ಅದು ಬೇಡ.

ಆ ಕಸುಬು ಏನು ಅಂತ ನೀನು ಎಷ್ಟೋ ಸಲ ಕೇಳಿದ್ದೀಯ, ಲೆಕ್ಕ ಬರೆಯುತ್ತೇನೆ ಅಂತ ಹೇಳಿ ಮುಗಿಸುತ್ತಿದ್ದೆ. ಕೇಳು. ವಾರ್ಷಿಕ ವರದಿಯಲ್ಲಿ ‘ಅಪಾಯಗಳು’ ಅಂತ ಒಂದು ಅಧ್ಯಾಯ ಇರುತ್ತದೆ, ಮೂವತ್ತೊಂದು ಪುಟ. ಕಂಪನಿ ಹೇಗೆಲ್ಲ ಮುಳುಗಬಹುದು ಅನ್ನುವುದನ್ನು ಮೊದಲೇ ಬರೆದಿಟ್ಟರೆ, ಮುಳುಗಿದ ದಿನ ಯಾರೂ ಬಂದು ಕುತ್ತಿಗೆಪಟ್ಟಿ ಹಿಡಿಯುವಂತಿಲ್ಲ. ಆರು ವರ್ಷದಿಂದ ಅದನ್ನು ಬರೆಯುವವಳು ನಾನು. ಬರೆಯುವುದು ಅಂದರೆ ಏನು ಮಹಾ, ಹೋದ ವರ್ಷದ್ದನ್ನು ತೆಗೆದು ಇಸವಿ ತಿದ್ದುವುದು. ಹನ್ನೊಂದು ವರ್ಷದಿಂದ ಲಾಭದ ಮುಖ ನೋಡಿಲ್ಲ ಅಂತ ಇದ್ದಲ್ಲಿ ಹನ್ನೆರಡು ಅಂತ ಮಾಡುವುದು.

ಬಂದರು, ಗಣಿ, ದೊಡ್ಡ ಆಸ್ಪತ್ರೆಗಳಲ್ಲಿ ತಂತಿ ಎಳೆಯದೆ ಇಂಟರ್‌ನೆಟ್ ಹರಿಸುವ ಪೆಟ್ಟಿಗೆಗಳನ್ನು ನಾವು ಮಾಡುತ್ತೇವೆ. ಪೆಟ್ಟಿಗೆಗಳು ಚೆನ್ನಾಗಿವೆ, ಅದರಲ್ಲಿ ಸುಳ್ಳಿಲ್ಲ. ಆದರೆ ಒಂದು ಪೆಟ್ಟಿಗೆ ಮಾರಿದರೆ ಬರುವುದಕ್ಕಿಂತ ಅದನ್ನು ಮಾಡಲು ಹೋಗುವುದೇ ಹೆಚ್ಚು. ಆ ವ್ಯತ್ಯಾಸಕ್ಕೆ ಸಾಲ, ಆ ಸಾಲದ ಬಡ್ಡಿಗೆ ಇನ್ನೊಂದು ಸಾಲ. ಆಕಾಶಕ್ಕೆ ಏಣಿ ಹಾಕುವುದು ಅನ್ನುತ್ತಾರಲ್ಲ, ನಾವು ಆ ಏಣಿಯನ್ನೂ ಅಡವಿಟ್ಟಿದ್ದೇವೆ. ಇದೆಲ್ಲ ಆ ಪುಟಗಳಲ್ಲಿ ಇತ್ತು, ಓದುವವರಿರಲಿಲ್ಲ. ನೀನೂ ಓದಲಿಲ್ಲ. ತಂಗಿ ಕೆಲಸ ಮಾಡುವ ಕಂಪನಿ ಅಂತ ಮೂರು ವರ್ಷದ ಹಿಂದೆ ಒಂದಷ್ಟು ಷೇರು ಕೊಂಡೆ. ನಾನು ತಡೆಯಲಿಲ್ಲ. ತಡೆಯುವುದಿರಲಿ, ರವಿಕೆ ಅಳತೆ ಕೊಡಲು ಬಂದವರ ಮುಂದೆಲ್ಲ ನೀನು ನನ್ನ ಕಂಪನಿಯನ್ನು ಹೊಗಳುತ್ತಿದ್ದರೆ ಕೇಳಿ ಉಬ್ಬಿಹೋಗುತ್ತಿದ್ದೆ.

ಹೋದ ತಿಂಗಳ ಕೊನೆಯ ದಿನ, ಶುಕ್ರವಾರ ಸಂಜೆ, ನಮ್ಮ ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಕೊಡುತ್ತಿದ್ದ ಗಿರಾಕಿ, ಒಂದು ಬಂದರಿನವರು, ಇನ್ನು ನಿಮ್ಮ ಪೆಟ್ಟಿಗೆ ಬೇಡ ಅಂತ ಎರಡು ಸಾಲಿನ ಪತ್ರ ಕಳಿಸಿದರು. ಆ ಗಿರಾಕಿ ಹೋದರೆ ಅಷ್ಟೂ ಸಾಲವನ್ನು ಒಂದೇ ಏಟಿಗೆ ವಾಪಸ್ ಕೇಳಬಹುದು ಅಂತ ಸಾಲ ಕೊಟ್ಟವರು ಕರಾರಿನಲ್ಲಿ ಬರೆಸಿಕೊಂಡಿದ್ದಾರೆ. ಕೇಳಿದರೆ ಕೊಡಲು ನಮ್ಮಲ್ಲಿ ಇಲ್ಲ. ವಿಷಯ ಗೊತ್ತಿದ್ದವರು ಐದು ಜನ. ವರದಿ ಹೊರಬೀಳುವ ತನಕ ಮನೆಯವರ ಹತ್ತಿರವೂ ಬಾಯಿ ಬಿಡುವುದಿಲ್ಲ ಅಂತ ಐದೂ ಜನ ಸಹಿ ಹಾಕಿದೆವು. ಬಾಯಿ ಬಿಟ್ಟು, ಅದನ್ನು ಕೇಳಿ ಯಾರಾದರೂ ಷೇರು ಮಾರಿಕೊಂಡರೆ, ಹೇಳಿದವರಿಗೂ ಜೈಲು, ಮಾರಿದವರಿಗೂ ಜೈಲು.

ಅದಾಗಿ ಎರಡೇ ದಿನಕ್ಕೆ, ಭಾನುವಾರ, ನೀನು ಫೋನ್ ಮಾಡಿದೆ. ಕೋಣೆಯ ಮಾಲೀಕರು ಈ ತಿಂಗಳ ಕೊನೆಗೆ ಪೂರ್ತಿ ಹಣ ಕೊಡು, ಇಲ್ಲದಿದ್ದರೆ ಬೇರೆಯವರಿಗೆ ಮಾರುತ್ತೇನೆ ಅಂದಿದ್ದಾರೆ, ಇನ್ನೂ ಸ್ವಲ್ಪ ಕಡಿಮೆ ಬೀಳುತ್ತಿದೆ, ಷೇರು ಈಗಲೇ ಮಾರಿಬಿಡಲೋ ಎರಡು ವಾರ ತಡೆಯಲೋ ಅಂತ ಕೇಳಿದೆ. ನಾನು ಸುಮ್ಮನಿದ್ದೆ. ಬಾಯಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ನೀನು ಮತ್ತೆ ಕೇಳಿದೆ, ನಾನು ಮತ್ತೆ ಸುಮ್ಮನಿದ್ದೆ. ಆಗ ನೀನು ನಕ್ಕೆ. ಗೊತ್ತಾಯ್ತು ಬಿಡೇ ಕಳ್ಳಿ ಅಂತ ಹೇಳಿ ಫೋನ್ ಇಟ್ಟುಬಿಟ್ಟೆ.

ಆ ನಗು ಯಾಕೆ ಅಂತ ಆಮೇಲೆ ತಿಳಿಯಿತು. ಚಿಕ್ಕಂದಿನಿಂದ ನಾನು ಹಾಗೇ ಅಲ್ಲವಾ. ಚಪ್ಪಲಿ ಕಳೆದುಕೊಂಡರೆ, ಯಾರ ಮನೆಯದೋ ಕಿಟಕಿ ಗಾಜು ಒಡೆದರೆ, ಬೀದಿ ಕೊನೆಯಿಂದಲೇ ಕೂಗಿಕೊಂಡು ಬರುತ್ತಿದ್ದೆ. ಒಳ್ಳೆಯ ಸುದ್ದಿ ಇದ್ದರೆ ಮಾತ್ರ ಬಾಗಿಲ ಹಿಂದೆ ತುಟಿ ಬಿಗಿಹಿಡಿದು ನಿಲ್ಲುತ್ತಿದ್ದೆ, ನೀನೇ ಕೇಳಿ ಕೇಳಿ ಬಿಡಿಸಬೇಕಿತ್ತು. ಪರೀಕ್ಷೆಯಲ್ಲಿ ಮೊದಲ ದರ್ಜೆ ಬಂದಾಗ ಹಾಗೆ, ಈ ಕೆಲಸ ಸಿಕ್ಕಾಗಲೂ ಹಾಗೆ. ಬೇರೆ ಯಾರೇ ಆಗಿದ್ದರೂ ಆ ಮೌನ ಕೇಳಿ ಹೆದರಿ ಮಾರುತ್ತಿದ್ದರು. ನನ್ನನ್ನು ಸಾಕಿದ ನೀನು ಕೋಣೆಯ ಹಣವನ್ನೂ ಮಂಗಳವಾರ ತಂದು ಷೇರಿಗೆ ಸುರಿದೆ, ಎರಡು ವಾರದಲ್ಲಿ ಬೆಳೆಯುತ್ತದೆ ಅಂತ. ‘ನೀನು ಸುಮ್ಮನಿದ್ದದ್ದಕ್ಕೇ ನಾನು ಧೈರ್ಯ ಮಾಡಿದೆ ಕಣೇ’ ಅಂತ ಬೆಳಗ್ಗೆ ಮೆಸೇಜ್ ಹಾಕಿದ್ದೀಯ. ಅದನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ನೀನು ಮಾರದೆ ಉಳಿದಿರುತ್ತೀಯ ಅಂತ ಮಾತ್ರ ಅಂದುಕೊಂಡಿದ್ದೆ. ಇನ್ನಷ್ಟು ಕೊಂಡಿದ್ದೀಯ ಅಂತ ಗೊತ್ತಿರಲಿಲ್ಲ. ಯಾರು ಕೊಂಡರು, ಯಾರು ಮಾರಿದರು ಅನ್ನುವ ಪಟ್ಟಿ ವಾರಕ್ಕೊಂದು ಸಲ ನನ್ನ ಮೇಜಿಗೆ ಬರುತ್ತದೆ. ನಿನ್ನೆ ಸಂಜೆ, ಮಾರುಕಟ್ಟೆ ಮುಚ್ಚಿದ ಮೇಲೆ, ಅದರಲ್ಲಿ ನಿನ್ನ ಹೆಸರು ಕಂಡಿತು. ಕೈಕಾಲು ತಣ್ಣಗಾಯಿತು. ಆದರೆ ಹೊತ್ತು ಮೀರಿಹೋಗಿತ್ತು.

ನನ್ನ ಬಗ್ಗೆ ಒಂದೇ ಒಂದು ಒಳ್ಳೆಯ ಮಾತು ಹೇಳಿಕೊಳ್ಳುತ್ತೇನೆ, ಸಹಿಸಿಕೋ. ನಮ್ಮ ಕಂಪನಿಯ ಯಜಮಾನರು ಆರೂಕಾಲು ಅಡಿ ಎತ್ತರ, ಬೆನ್ನ ಹಿಂದೆ ಎಲ್ಲರೂ ಟವರ್ ಅನ್ನುತ್ತೇವೆ. ಮೊನ್ನೆ ಬುಧವಾರ ಅವರು ನನ್ನ ಕೋಣೆಗೆ ಬಂದು ಬಾಗಿಲು ಹಾಕಿದರು. ‘ಮುಂದಿನ ಹನ್ನೆರಡು ತಿಂಗಳು ಈ ಕಂಪನಿ ನಡೆಯುವ ಬಗ್ಗೆ ಗಂಭೀರ ಅನುಮಾನವಿದೆ’ ಅಂತ ನಾನು ಅಧ್ಯಾಯದ ಮೊದಲ ಸಾಲಿನಲ್ಲೇ ಬರೆದಿದ್ದೆ. ಅದನ್ನು ಇಪ್ಪತ್ಮೂರನೇ ಪುಟಕ್ಕೆ, ಬಿರುಗಾಳಿಯಿಂದ ಕಂಬ ಬೀಳುವ ಅಪಾಯದ ಕೆಳಗೆ ಹಾಕು ಅಂದರು. ಆಗುವುದಿಲ್ಲ ಅಂದೆ. ಸಾಲ ಕೊಟ್ಟವರು ಬೆದರಿ ಬಾಗಿಲು ಮುಚ್ಚಿಸಿದರೆ ಇನ್ನೂರ ನಲವತ್ತು ಜನ ಬೀದಿಗೆ ಬರುತ್ತಾರೆ, ನಿನಗೆ ಮನಸ್ಸಾಕ್ಷಿ ಇದೆಯಾ ಅಂತ ಕೇಳಿದರು. ಇವತ್ತು ನಮ್ಮ ಷೇರು ಕೊಳ್ಳುತ್ತಿರುವವರಿಗೂ ಹೆಂಡತಿ ಮಕ್ಕಳು ಇದ್ದಾರೆ ಸರ್, ಆ ಸಾಲು ಮೊದಲಿಲ್ಲದಿದ್ದರೆ ನಾನು ಸಹಿ ಹಾಕುವುದಿಲ್ಲ ಅಂದೆ. ಅವರು ಆಯಿತು ಅಂತ ಹೋದರು. ಆರು ವರ್ಷದಲ್ಲಿ ನಾನು ಬರೆದದ್ದರಲ್ಲಿ ಜನ ಓದಿದ್ದು ಅದೊಂದೇ ಸಾಲು. ಓದಿದ್ದರಿಂದಲೇ ಬೆಲೆ ಬಿತ್ತು. ನಿನ್ನ ಕೋಣೆ ಹೋದದ್ದು ನನ್ನ ಆ ಸಾಲಿನಿಂದ.

ಕೆಳಗೆ ಕಾರ್ಖಾನೆಯಲ್ಲಿ ಕೆಲಸ ನಿಂತಿದೆ. ಹುಡುಗಿಯರು ಅರ್ಧ ಜೋಡಿಸಿದ ಪೆಟ್ಟಿಗೆಗಳ ಮುಂದೆ ಗುಂಪಾಗಿ ನಿಂತು ಮೇಲಕ್ಕೆ ನೋಡುತ್ತಿದ್ದಾರೆ. ಸಾಲ ಕೊಟ್ಟವರ ಕಡೆಯ ವಕೀಲರು ನಾಲ್ಕು ಗಂಟೆಗೆ ಬರುತ್ತಾರಂತೆ. ನನ್ನ ಉಳಿತಾಯವನ್ನೆಲ್ಲ ನಿನ್ನ ಖಾತೆಗೆ ಕಳಿಸಿದ್ದೇನೆ, ಅರ್ಧವೂ ಆಗುವುದಿಲ್ಲ, ನನಗೂ ಗೊತ್ತು. ಬೇಡ ಅಂತ ಹಟ ಮಾಡಬೇಡ. ಮಾಲೀಕರ ಹತ್ತಿರ ಎರಡು ತಿಂಗಳು ಗಡುವು ಕೇಳು, ಭಾನುವಾರ ನಾನೂ ಬಂದು ಕೇಳುತ್ತೇನೆ. ಬಾಗಿಲು ತೆಗೆಯದಿದ್ದರೆ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಬೈಯುವುದನ್ನೆಲ್ಲ ಬೈದುಬಿಡು, ಸುಮ್ಮನೆ ಮಾತ್ರ ಇರಬೇಡ.

ನಿನ್ನ ಮುಖ ನೋಡಲು ಹೆದರುತ್ತಿರುವ,
ಪುಟ್ಟಿ

ತಾ.ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ಪಟ್ಟಿ ನಿನ್ನೆ ಬಂತು ಅಂತ ಬರೆದದ್ದು ಸುಳ್ಳು. ಅದು ಬರುವುದು ಶುಕ್ರವಾರ. ನಿನ್ನ ಹೆಸರು ನಾನು ನೋಡಿದ್ದು ಹೋದ ಶುಕ್ರವಾರ, ಏಳನೇ ತಾರೀಖು. ಅಲ್ಲಿಂದ ಮುಂದೆ ನಾಲ್ಕು ದಿನ ಮಾರುಕಟ್ಟೆ ತೆರೆದಿತ್ತು. ಟವರ್ ಎದುರು ನಾನು ನ್ಯಾಯ ಮಾತಾಡುವಾಗ ಆ ಪಟ್ಟಿ ನನ್ನ ಚೀಲದಲ್ಲೇ ಇತ್ತು. ಹೇಳಿದರೆ ನನಗೆ ಜೈಲು, ಹೇಳದಿದ್ದರೆ ನಿನಗೆ ನಷ್ಟ, ಎರಡನ್ನೂ ತೂಗಿ ನೋಡಿದೆ. ತೂಗಲು ಬಹಳ ಹೊತ್ತು ಹಿಡಿಯಲಿಲ್ಲ. ಪಟ್ಟಿ ಮಡಚಿಟ್ಟು ಊಟಕ್ಕೆ ಹೋದೆ. ಊಟ ಸೇರಿತು, ಅಕ್ಕಾ.