ನೂರೈವತ್ತು ಗಜದ ನಡುವೆ ಕಾಶವ್ವ ಇದ್ದಳು

ಮಾನ್ಯ ಗಾಲ್ಫ್ ಕ್ಲಬ್ ಕ್ರೀಡಾ ಸಮಿತಿಯ ಅಧ್ಯಕ್ಷರೇ,

ತಮ್ಮ ತನಿಖಾ ವರದಿ ಓದಿದೆ. ಹುಲ್ಲು ಕೊಯ್ಯುವ ಕಾಶವ್ವನ ಮುಂಗೈ ನನ್ನ ಚೆಂಡು ಬಡಿದು ಮುರಿಯಿತು. ಅದಕ್ಕೆ ನನ್ನ ಗಾಲ್ಫ್ ಚೀಲ ಹೊರುವ, ಮೊದಲೇ ಎಚ್ಚರಿಸದ ಮಾಯಪ್ಪ ಕಾರಣನಂತೆ. ಆದ್ದರಿಂದ ಅವನನ್ನು ಕೆಲಸದಿಂದ ತೆಗೆದಿದ್ದೀರಿ. ದೂರ ಅಳೆಯುವ ಯಂತ್ರ ಮಾತ್ರ ನಿಖರವಾಗಿತ್ತಂತೆ. ಯಂತ್ರಕ್ಕೆ ಸನ್ನಡತೆಯ ಪ್ರಮಾಣಪತ್ರ ಸಿಕ್ಕಿದ್ದಕ್ಕೆ ಸಂತೋಷ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರನ್ನು ಸರ್ಕಾರಿ ನೌಕರಿಯಲ್ಲಿ ಬಹಳ ಕಂಡಿದ್ದೆ. ಇಲ್ಲಿಯೂ ಕಾಣಬೇಕಾಯಿತು.

ನಾನು ಅಳತೆಯ ವಿರೋಧಿಯಲ್ಲ. ಮೂವತ್ತೊಂದು ವರ್ಷ ಬೆಳಗಾವಿ, ಖಾನಾಪುರದ ಹೊಲಗಳಲ್ಲಿ ಸರ್ವೇ ಸರಪಳಿ ಎಳೆಸಿದವನು. ಆ ಯಂತ್ರವನ್ನು ಆಸೆಪಟ್ಟು ಕೊಂಡವನೂ ನಾನೇ.

ಮಾಯಪ್ಪ ಖಾನಾಪುರ ಕಡೆಯ ಕುರಿಗಾರರ ಮನೆಯವನು. ದೂರ ಎಷ್ಟೆಂದು ಕೇಳಿದರೆ ಚೀಲ ಇಳಿಸಿ, ದಿಬ್ಬ ಹತ್ತಿ, ಆಚೆ ನೋಡಿ ಬಂದು ಹೇಳುತ್ತಿದ್ದ. "ಕುರಿ ಹೊಡಕೊಂಡ ಹೋಗೂವಾಗ ಮೊದ್ಲ ನಡುವ ಏನೈತಿ ನೋಡಬೇಕ್ರಿ. ಎಷ್ಟ ದೂರ ಅನ್ನೂದು ಆಮ್ಯಾಲ," ಎನ್ನುತ್ತಿದ್ದ. ಇದರಿಂದ ಆಟ ನಿಧಾನವಾಗುತ್ತದೆಂದು ತಾವು ಸುತ್ತೋಲೆ ಹೊರಡಿಸಿದಿರಿ: ದೂರವನ್ನು ಯಂತ್ರದಿಂದಲೇ ತಿಳಿಯತಕ್ಕದ್ದು, ಚೀಲ ಹೊರುವವರು ದಿಬ್ಬ ಹತ್ತತಕ್ಕದ್ದಲ್ಲ. ಎರಡು ನಿಮಿಷ ಉಳಿಯಿತು. ಆ ಎರಡು ನಿಮಿಷದಲ್ಲಿ ನಾವು ಯಾವ ದೇಶ ಉದ್ಧಾರ ಮಾಡಿದೆವು? ಕ್ಯಾಂಟೀನಿಗೆ ಎರಡು ನಿಮಿಷ ಮೊದಲೇ ಹೋಗಿ ಚಹಾ ಕುಡಿದೆವು.

ಅಂದು ದಿಬ್ಬದಾಚೆ, ಚೆಂಡು ಸೇರಬೇಕಾದ ಕುಳಿಯ ಬಾವುಟದ ತುದಿ ಮಾತ್ರ ಕಾಣುತ್ತಿತ್ತು. ಯಂತ್ರ ನೂರೈವತ್ತು ಗಜ ಎಂದಿತು.

"ಸಾಹೇಬ್ರ, ಒಂದೀಟ ತಡೀರಿ, ನೋಡಿ ಬರ್ತೀನಿ," ಎಂದ ಮಾಯಪ್ಪ.

"ಮಿಷನ್ ಹೇಳೈತಲ್ಲೋ. ಸುಮ್ನ ನಿಂದರ," ಎಂದೆ.

ಯಂತ್ರದ ನೂರೈವತ್ತು ಖರೆ. ಆದರೆ ನನ್ನ ಅರವತ್ತೆಂಟರ ತೋಳು ಹೊಡೆದದ್ದು ನೂರಿಪ್ಪತ್ತೇ. ದಿಬ್ಬದಾಚೆಯ ತಗ್ಗಿನಲ್ಲಿ ಕಾಶವ್ವ ಕೂತು ಕುಡುಗೋಲಿನಿಂದ ಹುಲ್ಲು ಕೊಯ್ಯುತ್ತಿದ್ದಳು. ಅವಳ ಚೀರಾಟ ಕೇಳಿದಾಗಲೂ ನಾನು ಮೊದಲು ನೋಡಿದ್ದು ಕೈಯಲ್ಲಿದ್ದ ಯಂತ್ರವನ್ನೇ. ನೆನೆದರೆ ನಾಚಿಕೆಯಾಗುತ್ತದೆ.

ವಡಗಾವಿಯ ಅವಳ ಮನೆಗೆ ಹೋಗಿದ್ದೆ. ಪ್ಲಾಸ್ಟರ್ ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, "ಬರ್ರಿ ಸಾಹೇಬ್ರ, ಕುಂದರ್ರಿ," ಎಂದಳು. ಬೈಯಲಿಲ್ಲ. "ಎಲ್ಲಾರ್ಗಿಂತ ಮೊದ್ಲ ಓಡಿ ಬಂದಾಂವ ಮಾಯಪ್ಪರಿ. ಅವನ್ನ ಯಾಕ ಬಿಡಿಸಿದ್ರಿ?" ಎಂದಳು. ತಮ್ಮ ಬಳಿ ಉತ್ತರವಿದ್ದರೆ ಒಮ್ಮೆ ಹೋಗಿ ಹೇಳಿ ಬನ್ನಿ.

ಯಂತ್ರವನ್ನು ನಿಷೇಧಿಸಿ ಎಂದು ಜಗಳವಾಡುವ ತ್ರಾಣ ನನಗಿಲ್ಲ. ಇರಲಿ ಅದು. ಆದರೆ ಅದನ್ನೇ ನಂಬಿ ಮನುಷ್ಯರ ಬಾಯಿ ಮುಚ್ಚಿಸುವುದು ಬೇಡ. ಸುತ್ತೋಲೆ ಹಿಂತೆಗೆದುಕೊಳ್ಳಿ. ಮಾಯಪ್ಪನನ್ನು ಮರಳಿ ಕರೆಸಿ. ಅವನು ತಡೀರಿ ಎಂದದ್ದನ್ನು ನಾನು ತನಿಖೆಯಲ್ಲಿ ಹೇಳಲಿಲ್ಲ. ತಾವು ಕೇಳಲಿಲ್ಲ ಎಂಬುದು ನನ್ನ ನೆಪವಾಗಿತ್ತು. ಈಗ ಹೇಳಿದ್ದೇನೆ. ವರದಿಯಲ್ಲಿ ತಪ್ಪಿತಸ್ಥನೆಂದು ಬರೆದಿರುವ ಹೆಸರು ಹೊಡೆದುಹಾಕಿ, ಕೆಳಗಿನ ಹೆಸರು ಬರೆಯಿರಿ.

ಇಂತಿ, ಕೇಳದಿದ್ದರೂ ಹೇಳಬೇಕಾಗಿದ್ದ,
ಚನ್ನಬಸಯ್ಯ
ನಿವೃತ್ತ ಭೂಮಾಪಕ, ಬೆಳಗಾವಿ