ಮಗ್ಗದ ಮನೆಯ ಕೀಲಿ, ಮದುವೆಯ ಆಡಿನ ಪಿತ್ತ

ಆರ್ಗೋಸ್ ಗುಡ್ಡದ ಹೇರಾ ದೇವಿಯ ಗುಡಿಯ ಪಾರುಪತ್ಯಗಾರರಿಗೆ,

ಮಾನ್ಯರೇ, ಗುಡಿಯ ಸುಣ್ಣದ ಹಲಗೆಯ ಮೇಲೆ ತಾವು ಬರೆಸಿದ ತೀರ್ಪನ್ನು ಊರೆಲ್ಲ ಓದಿದೆ. ದೇವಿಗೆ ಹೊಸ ಉಡುಗೆ ನೇಯುತ್ತಿದ್ದ ಫಿಲಿನ್ನಾ ಬಸುರಿಯಾಗಿರುವುದರಿಂದ ಮೆರವಣಿಗೆಗೆ ಮೊದಲೇ ಊರು ಬಿಡಬೇಕು. ಕಾರಣರಾದ 'ಗೌರವಸ್ಥ ಗೃಹಸ್ಥರು' ಒಂದು ಪಾರಿವಾಳ ಒಪ್ಪಿಸಿ ಶುದ್ಧರಾಗಬೇಕು. ಹುಡುಗಿಯ ಹೆಸರು ಬರೆಯುವಷ್ಟರಲ್ಲಿ ತಮ್ಮ ಮಸಿ ಮುಗಿದಿತ್ತೆಂದು ಕಾಣುತ್ತದೆ. ಉಳಿದದ್ದನ್ನು ನಾನು ತುಂಬುತ್ತೇನೆ: ಉಣ್ಣೆ ವ್ಯಾಪಾರಿ ತಿಮಾಂಡ್ರೋಸ್, ನನ್ನ ಗಂಡ. ಈ ತೀರ್ಪಿನಿಂದ ನನ್ನ ಮಾನ ಉಳಿಯಿತಂತೆ. ಉಳಿಸಿಕೊಡಿ ಎಂದು ನಾನು ಯಾವಾಗ ಕೇಳಿದ್ದೆ?

ಇದು ದೇವಿಯದೇ ಪದ್ಧತಿ ಎನ್ನುತ್ತೀರಿ. ನಿಜ. ಹಿಂದೆ ಇದೇ ಗುಡಿಯ ಪೂಜಾರಿಣಿ ಇಯೋಳ ಮೇಲೆ ದೇವಿಯ ಗಂಡನ ಕಣ್ಣು ಬಿದ್ದಾಗ, ದೇವಿ ಗಂಡನ ಕೂದಲು ಕೊಂಕದಂತೆ ನೋಡಿಕೊಂಡಳು. ಹಸುವಾಗಿಹೋದ ಆ ಬಡಪಾಯಿಯ ಹಿಂದೆ ಕಚ್ಚುವ ನೊಣ ಬಿಟ್ಟು ದೇಶದೇಶ ಓಡಿಸಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹೋಗಲಿ, ದೇವಿಯ ಗಂಡನ ಕೈಯಲ್ಲಿ ಸಿಡಿಲಿದೆ, ಅವಳಾದರೂ ಏನು ಮಾಡಿಯಾಳು? ನನ್ನ ಗಂಡನ ಕೈಯಲ್ಲಿರುವುದು ಬರೀ ತಕ್ಕಡಿ. ಅವನಿಗೇಕೆ ತಾವು ಹೆದರಬೇಕು?

ನಾನೇನೂ ಸಾಧ್ವಿಯಲ್ಲ. ಸುದ್ದಿ ತಿಳಿದ ದಿನ, ಗೊತ್ತಿದ್ದ ಬೈಗುಳವನ್ನೆಲ್ಲ ಹೊಂದಿಸಿಕೊಂಡು, ಅವಳ ಜಡೆ ಹಿಡಿದು ಎಳೆಯಬೇಕೆಂದೇ ಗುಡಿಯ ಮಗ್ಗದ ಮನೆಗೆ ಹೋದೆ. ಅವಳು ನೆಲದ ಮೇಲೆ ಕುಳಿತು ನೂಲು ಸುತ್ತುತ್ತಿದ್ದಳು. ಹದಿನೆಂಟರ ಹುಡುಗಿ, ನನ್ನ ಮಗಳ ಓರಗೆಯವಳು.

"ಬಾಗಿಲು ಹಾಕ್ಕೊಳ್ಳೋಕೆ ಏನಾಗಿತ್ತೇ ನಿಂಗೆ?" ಎಂದೆ.

"ಹಾಕ್ಕೊಂಡಿದ್ದೆ ಅಮ್ಮಾ," ಎಂದಳು, ತಲೆಯೆತ್ತದೆ. "ಹೊರಗಿಂದ ಅಗಳಿ ಎತ್ತೋ ಕೀಲಿ ಅವರ ಹತ್ರಾನೇ ಇತ್ತು."

ತಂದಿದ್ದ ಬೈಗುಳವನ್ನು ಗಂಡನಿಗೆಂದು ವಾಪಸು ಕಟ್ಟಿಕೊಂಡೆ. ನನಗೆ ನಾಚಿಕೆಯಾಯಿತು. ಹೊತ್ತುಹೊತ್ತಿಗೆ ಉಣ್ಣೆ ಇಳಿಸಲು ಅನುಕೂಲವಾಗಲೆಂದು ಆ ಕೀಲಿಯನ್ನು ಅವನ ಕೈಗೆ ಕೊಟ್ಟವರು ಯಾರು, ಮಾನ್ಯರೇ? ದೇವಿಯಂತೂ ಅಲ್ಲ.

ಮನೆಗೆ ಬಂದು ಗಂಡನನ್ನು ಕೇಳಿದರೆ, "ಯಾಕೆ ಹಿಂಗೆ ಉರಿದು ಬೀಳ್ತೀಯ? ನಮ್ಮ ಮದುವೇಲಿ ಪಿತ್ತ ಸರಿಯಾಗೇ ತೆಗೆಸಿದ್ರಲ್ಲ," ಎಂದ. ತೆಗೆಸಿದ್ದರು, ನೆನಪಿದೆ. ದಂಪತಿಗಳ ನಡುವೆ ಕಹಿ, ಕೋಪ ಇರಬಾರದೆಂದು ಬಲಿಯ ಆಡಿನ ಪಿತ್ತಕೋಶ ಕಿತ್ತು ಪೀಠದ ಹಿಂದಕ್ಕೆ ಎಸೆಯುತ್ತೀರಿ. ಇಪ್ಪತ್ತು ವರ್ಷ ಆ ಆಡಿಗೆ ಕೊಟ್ಟ ಮಾತಿನಂತೆ ಬಾಳಿದೆ. ಲೋಕದ ಪಿತ್ತವನ್ನೆಲ್ಲ ತಾನೇ ಇಟ್ಟುಕೊಂಡ ದೇವಿಯ ಮುಂದೆ ನಮ್ಮದನ್ನು ಮಾತ್ರ ಎಸೆಯುವುದು ಯಾವ ಸೀಮೆಯ ನ್ಯಾಯ?

ಕೀಲಿಯನ್ನು ವಾಪಸು ಪಡೆಯಿರಿ. ಹಲಗೆಯನ್ನು ಅಳಿಸಿ. ಮೆರವಣಿಗೆಯ ದಿನ ಫಿಲಿನ್ನಾ ತಾನು ನೇಯ್ದ ಉಡುಗೆಯ ಹಿಂದೆಯೇ ನಡೆಯಲಿ. ಪಕ್ಕದಲ್ಲಿ ನಾನಿರುತ್ತೇನೆ, ನೊಣ ಓಡಿಸಲು. ಅಲ್ಲಿಯವರೆಗೆ ಅವಳೂ ನಾನೂ ನನ್ನ ಅಣ್ಣನ ಮನೆಯಲ್ಲಿರುತ್ತೇವೆ.

ಮುಂದಿನ ತಿಂಗಳು ನನ್ನ ಮಗಳ ಮದುವೆಯ ಬಲಿ ತಮ್ಮ ಪೀಠಕ್ಕೇ ಬರುತ್ತದೆ. ಆ ಆಡಿನ ಪಿತ್ತ ತೆಗೆಯಬೇಡಿ. ಅವಳಿಗೆ ಬೇಕಾಗುತ್ತದೆ.

ಇಂತಿ,
ಪಿತ್ತವಿಲ್ಲದೆ ಇಪ್ಪತ್ತು ವರ್ಷ ಸಂಸಾರ ತೂಗಿಸಿದ
ಕ್ಲಿಯಾರಿಸ್ತೆ